ಪೈಲವಾನರ ಮಿದುಳಿಗೆ ಒಂದೇ ತಾಲೀಮು ಸಲ್ಲದು

ನೆತ್ತಿಗೆ ಅಂಟಿಸಿದ ವಿದ್ಯುದ್ವಾರಗಳಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು, ಅವುಗಳ ಏರಿಳಿತವನ್ನು ಆಗಿಂದಾಗಲೇ ಪರದೆಯ ಮೇಲೆ ತೋರಿಸಿ, ಬೇಕಾದ ಅಲೆಯನ್ನು ಆಟಗಾರ ತಾನೇ ಹೆಚ್ಚಿಸಿಕೊಳ್ಳುವಂತೆ ಕಲಿಸುವ ತರಬೇತಿಗೆ ನ್ಯೂರೋಫೀಡ್‌ಬ್ಯಾಕ್ ಎಂದು ಹೆಸರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಶೂಟರ್ ಅಭಿನವ್ ಬಿಂದ್ರಾ ಅವರ ಸಿದ್ಧತೆಯಲ್ಲಿ ಅದಕ್ಕೂ ಪಾಲಿತ್ತೆಂಬ ಕಾರಣಕ್ಕೆ ಭಾರತದಲ್ಲಿ ಅದರ ಕೀರ್ತಿ ಬೆಳೆಯಿತು. ಆದರೆ ನಿಂತಲ್ಲೇ ಉಸಿರು ಹಿಡಿದು ಗುರಿಯಿಡುವ ಶೂಟರ್‌ಗೆ ಒದಗಿದ ವಿಧಾನವು, ಎದುರಾಳಿಯ ಪಟ್ಟಿಗೆ ಕ್ಷಣಾರ್ಧದಲ್ಲಿ ಮರುಪಟ್ಟು ಹಾಕಬೇಕಾದ ಪೈಲವಾನರೆಲ್ಲರಿಗೂ ಒಂದೇ ಬಗೆಯಲ್ಲಿ ಒದಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಫಲ ಕಾಣದವನನ್ನು ಏಕಾಗ್ರತೆಯಿಲ್ಲದವನೆಂದು ತಳ್ಳಿಹಾಕುವುದಂತೂ ಅನ್ಯಾಯ.

ಬೆಳಗಾವಿ ಜಿಲ್ಲೆಯ ಮನೋಳಿ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಸೀಮೆಗೆ ಈ ಪ್ರಶ್ನೆ ಹೊರಗಿನದಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುಸ್ತಿಯನ್ನು ಹೋಲುವ ಕುರಾಶ್‌ನಲ್ಲಿ ಕಂಚು ಗೆದ್ದ ಮಲಪ್ರಭಾ ಜಾಧವ ಇದೇ ಜಿಲ್ಲೆಯವರು; 2020ರ ಏಷ್ಯನ್ ಕುಸ್ತಿಯಲ್ಲಿ 55 ಕೆ.ಜಿ. ಗ್ರೀಕೊ-ರೋಮನ್ ಕಂಚು ತಂದ ಅರ್ಜುನ ಹಲಕುರ್ಕಿ ನೆರೆಯ ಬಾಗಲಕೋಟೆಯವರು. ಸೋಲು-ಗೆಲುವು ತೀರ್ಮಾನವಾಗುವವರೆಗೆ ಸೆಣಸುವ ಜಾತ್ರೆಯ ಜಂಗೀ ನಿಕಾಲಿ ಕುಸ್ತಿಗೆ ಹುಡುಗರನ್ನು ಅಣಿಗೊಳಿಸುವ ಇಲ್ಲಿನ ವಸ್ತಾದರು ಮೈಕಟ್ಟು, ವಯಸ್ಸು, ದಮ್ಮು ನೋಡಿಯೇ ದಂಡ-ಬೈಠಕ್‌ಗಳ ಲೆಕ್ಕ ಕೊಡುತ್ತಾರೆ. ಕೆಮ್ಮಣ್ಣಿನ ಗರಡಿಯಲ್ಲಿರುವ ಈ ವಿವೇಕ ಯಂತ್ರದ ಕೋಣೆಯಲ್ಲಿ ಕಾಣೆಯಾಗಬೇಕಿಲ್ಲ.

1991ರಲ್ಲಿ ಪ್ರಕಟವಾದ ಬಿಲ್ಲುಗಾರರ ಅಧ್ಯಯನವೊಂದರಲ್ಲಿ, ಸರಿಯಾದ ಭಾಗದ ಅಲೆಗಳ ಮೇಲೆ ತರಬೇತಿ ಪಡೆದವರ ಗುರಿ ಸುಧಾರಿಸಿತು, ತಪ್ಪು ಭಾಗದ ಮೇಲೆ ಪಡೆದವರದು ಕೆಟ್ಟಿತು. ಅಂದರೆ ಈ ತರಬೇತಿಗೆ ಹಾನಿ ಮಾಡುವ ಶಕ್ತಿಯೂ ಇದೆ. ಹಲವು ಅವಧಿಗಳ ಬಳಿಕವೂ ತಮ್ಮ ಅಲೆಯನ್ನು ಬದಲಿಸಲಾಗದ ಗಣನೀಯ ಸಂಖ್ಯೆಯ ಜನ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ, ಮತ್ತು ವಿಶ್ರಾಂತಿಯಲ್ಲಿ ಆಲ್ಫಾ ಅಲೆ, ಅಂದರೆ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಮಿಡಿಯುವ ಅಲೆ, ಮೊದಲೇ ಬಲವಾಗಿರುವವರು ಅದನ್ನು ಹೆಚ್ಚಿಸಲು ಬೇಗ ಕಲಿಯುತ್ತಾರೆಂಬ ಸೂಚನೆಗಳೂ ಇವೆ. ಇದು ಇಚ್ಛಾಶಕ್ತಿಯ ಕೊರತೆಯಲ್ಲ.

ಕಾದಾಟದ ಕ್ರೀಡೆಗಳಲ್ಲಿ ತೊಡಕು ಇನ್ನೂ ಹೆಚ್ಚು. ದವಡೆ, ಕುತ್ತಿಗೆಯ ಸ್ನಾಯುಗಳು ಬಿಗಿದಾಗ ಹುಟ್ಟುವ ವಿದ್ಯುತ್ತು ಮಿದುಳಿನ ಸಂಕೇತಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ್ದರಿಂದ, ಹಲ್ಲು ಕಚ್ಚುವ ಅಭ್ಯಾಸವಿರುವ ಕುಸ್ತಿಪಟು ಮಿದುಳನ್ನಲ್ಲ, ದವಡೆಯನ್ನು ಪಳಗಿಸಿಕೊಂಡೇ ಪರದೆಯಲ್ಲಿ ಉತ್ತಮ ಅಂಕ ಪಡೆಯಬಹುದು. ತೂಕ ಇಳಿಸಲು ನೀರು ಬಿಟ್ಟ ದಿನ, ನಿದ್ದೆಗೆಟ್ಟ ಮರುದಿನ, ಬಾಕ್ಸಿಂಗ್‌ನಲ್ಲಿ ತಲೆಗೆ ಪೆಟ್ಟು ಬಿದ್ದ ಬಳಿಕ ಅದೇ ಆಟಗಾರನ ಅಲೆಗಳೇ ಬೇರೆಯಾಗಿರಬಲ್ಲವು. ಹೀಗಿರುವಾಗ ಮೊದಲೊಂದು, ಕೊನೆಗೊಂದು ಪರೀಕ್ಷೆ ಮಾಡಿ ಇವನಿಗೆ ಫಲಿಸಿತು, ಅವನಿಗಿಲ್ಲ ಎನ್ನುವುದು ದಿನದ ಏರುಪೇರನ್ನೇ ಸ್ವಭಾವವೆಂದು ಬರೆದಿಟ್ಟಂತೆ.

ನಂಬಿಕೆಯಿಂದಲೂ ಲಾಭವಾಗುತ್ತದೆ, ಅಷ್ಟು ಸಾಲದೇ ಎಂದು ತರಬೇತಿಯ ಪರವಾಗಿ ವಾದಿಸುವವರಿದ್ದಾರೆ. ಗಮನ ಕೊರತೆಯ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಿಜವಾದ ತರಬೇತಿ ಪಡೆದವರೂ ತೋರಿಕೆಯ ತರಬೇತಿ ಪಡೆದವರೂ ಸುಧಾರಿಸಿದರು, ಎರಡರ ನಡುವೆ ಗಣನೀಯ ಅಂತರ ಕಾಣಲಿಲ್ಲ. ನಂಬಿಕೆಯೇ ಕೆಲಸ ಮಾಡುವುದಾದರೆ ಸರ್ಕಾರಿ ಕ್ರೀಡಾ ವಸತಿನಿಲಯಗಳ ಹಣ ದುಬಾರಿ ಯಂತ್ರಕ್ಕಿಂತ ಮುಂಚೆ ಹಾಲು, ಮೊಟ್ಟೆ, ಮ್ಯಾಟ್‌ಗೆ ಹೋಗಬೇಕು.

ಮಿದುಳಿಗೆ ಪೆಟ್ಟಾದವರ ಪುನಶ್ಚೇತನಕ್ಕೆ ನ್ಯೂರೋಫೀಡ್‌ಬ್ಯಾಕ್ ಬಳಸಿದ ಅನುಭವ ಬೆಂಗಳೂರಿನ ನಿಮ್ಹಾನ್ಸ್‌ಗೆ ಇದೆ. ಯಂತ್ರ ಕೊಳ್ಳುವ ಮುನ್ನ ಕ್ರೀಡಾ ಇಲಾಖೆ ಆ ಸಂಸ್ಥೆಯ ನೆರವು ಪಡೆದು, ಪ್ರತಿ ಪೈಲವಾನನನ್ನೂ ಹಲವು ದಿನ ಅಳೆದು, ತೋರಿಕೆಯ ತರಬೇತಿಯೊಡನೆ ಹೋಲಿಸಿ, ಸರಾಸರಿಯ ಜೊತೆಗೆ ಹೆಸರು ಮರೆಮಾಡಿದ ಒಬ್ಬೊಬ್ಬರ ಫಲಿತಾಂಶವನ್ನೂ ಪ್ರಕಟಿಸಬೇಕು. ಆ ಅಂಕಿಗಳು ಆಟಗಾರನ ಕೈಯಲ್ಲಿರಬೇಕು, ತಂಡದ ಆಯ್ಕೆಗಾರರ ಮೇಜಿನ ಮೇಲಲ್ಲ.