ಯಂತ್ರದೊಳಗಿನ ಯಂತ್ರಕ್ಕೆ ಗಂಟೆ ಎಷ್ಟು?

ಉಡುಪಿಯ ರಥಬೀದಿಯಲ್ಲಿ ನಿಂತು ಕೈಗಡಿಯಾರ ನೋಡಿದರೆ ಅದು ತೋರಿಸುವುದು ಉಡುಪಿಯ ಹೊತ್ತನ್ನಲ್ಲ. ಭಾರತದ ಪ್ರಮಾಣ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು; ಉಡುಪಿ ಇರುವುದು ಸುಮಾರು 74.75 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ಊರಿನ ಸ್ವಂತ ಸಮಯ 31 ನಿಮಿಷ ಹಿಂದೆ. ಇದಕ್ಕಾಗಿ ಯಾರೂ ಎರಡು ಗಡಿಯಾರ ಕಟ್ಟಿಕೊಳ್ಳುವುದಿಲ್ಲ. ಒಂದರಲ್ಲಿ 31 ಕಳೆದರೆ ಇನ್ನೊಂದು ಸಿಕ್ಕಿತು.

ಮಣಿಪಾಲದ ಹಾಸ್ಟೆಲಿನಲ್ಲಿ ವಿದ್ಯಾರ್ಥಿಯೊಬ್ಬ ವಿಂಡೋಸ್ ಲ್ಯಾಪ್‌ಟಾಪಿನೊಳಗೆ ಲಿನಕ್ಸನ್ನು ಓಡಿಸುತ್ತಾನೆ ಎನ್ನೋಣ. ಒಳಗಿನದು ನಿಜವಾದ ಯಂತ್ರವಲ್ಲ, ವರ್ಚುವಲ್ ಮೆಷಿನ್. ಅದನ್ನು ನಡೆಸುವ ತಂತ್ರಾಂಶದ ಹೆಸರು ಹೈಪರ್‌ವೈಸರ್. ಒಳಗಿನ ಲಿನಕ್ಸ್ ಗಂಟೆ ಕೇಳಿದಾಗ ಉತ್ತರ ಕೊಡಬೇಕಾದದ್ದೂ ಈ ಹೈಪರ್‌ವೈಸರೇ. ಕಷ್ಟ ಶುರುವಾಗುವುದು ಇಲ್ಲಿಯೇ.

1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ 8253 ಎಂಬ ಟೈಮರ್ ಚಿಪ್ ಇತ್ತು. ಅದರ ರಿಜಿಸ್ಟರಿಗೆ ಒಂದು ಸಂಖ್ಯೆ ಬರೆದರೆ, ಸೆಕೆಂಡಿಗೆ ಸುಮಾರು 11,93,182 ಮಿಡಿತಗಳ ವೇಗದಲ್ಲಿ ಅದು ಇಳಿಯುತ್ತ ಹೋಗಿ ಕೊನೆಗೆ ಪ್ರೊಸೆಸರನ್ನು ಎಚ್ಚರಿಸುತ್ತದೆ. ಈ ಚಿಪ್ಪಿನ ವಂಶವನ್ನು ವರ್ಚುವಲ್ ಮೆಷಿನ್‌ಗಳು ಇಂದಿಗೂ ಅನುಕರಿಸುತ್ತವೆ.

ಹಾಗೆಂದು ಹೈಪರ್‌ವೈಸರ್ ಸೆಕೆಂಡಿಗೆ ಹನ್ನೆರಡು ಲಕ್ಷ ಸಲ ಒಂದೊಂದನ್ನೇ ಕಳೆಯುತ್ತ ಕೂತರೆ ಬೇರೆ ಕೆಲಸ ನಡೆಯುವುದಿಲ್ಲ. ಮೂಡೆ ಬೇಯಲಿಕ್ಕಿಟ್ಟ ತಾಯಿ ಒಲೆಯ ಮುಂದೆ ಸೆಕೆಂಡು ಎಣಿಸುತ್ತ ನಿಲ್ಲುತ್ತಾಳೆಯೇ? ಇಟ್ಟ ಹೊತ್ತು ನೆನಪಿಟ್ಟುಕೊಂಡು, ಮಕ್ಕಳು ಕೇಳಿದಾಗ ಗಡಿಯಾರ ನೋಡಿ ಇನ್ನೆಷ್ಟು ನಿಮಿಷ ಎಂದು ಹೇಳುತ್ತಾಳೆ. ಹೈಪರ್‌ವೈಸರ್ ಮಾಡುವುದೂ ಅದನ್ನೇ: ಸಂಖ್ಯೆ ಬರೆದ ಕ್ಷಣವನ್ನು ಗುರುತಿಟ್ಟುಕೊಂಡು, ಓದಲು ಬಂದಾಗ ಲೆಕ್ಕ ಹಾಕಿ ಕೊಡುತ್ತದೆ.

ಆದರೆ ಹಳೆಯ ಚಿಪ್ಪಿನ ಚಾಳಿಗಳನ್ನೆಲ್ಲ ಹಾಗೆಯೇ ಉಳಿಸಿಕೊಳ್ಳಬೇಕು. ಅದಕ್ಕೆ ಸೊನ್ನೆ ಬರೆದರೆ ಅರ್ಥ ಸೊನ್ನೆಯಲ್ಲ, 65,536. ಚೌಕ ತರಂಗದ ವಿಧಾನದಲ್ಲಿ ಎಣಿಕೆ ಒಂದೊಂದಾಗಿ ಅಲ್ಲ, ಎರಡೆರಡಾಗಿ ಇಳಿಯುತ್ತದೆ. ಎಲ್ಲಕ್ಕಿಂತ ಮೋಸದ್ದು ಓದುವ ರೀತಿ. 16 ಬಿಟ್‌ಗಳ ಸಂಖ್ಯೆಯನ್ನು ಎಂಟೆಂಟು ಬಿಟ್‌ಗಳ ಎರಡು ತುಂಡುಗಳಾಗಿ ಓದಬೇಕು. ಎಣಿಕೆ 512ರಲ್ಲಿದೆ ಎನ್ನಿ. ಅಂದರೆ ಮೇಲಿನ ತುಂಡು 2, ಕೆಳಗಿನದು 0. ಕೆಳಗಿನದನ್ನು ಓದಿ ಮೇಲಿನದಕ್ಕೆ ಬರುವಷ್ಟರಲ್ಲಿ ಎಣಿಕೆ 511ಕ್ಕೆ ಇಳಿದರೆ ಮೇಲಿನ ತುಂಡು 1 ಆಗಿರುತ್ತದೆ. ಜೋಡಿಸಿದರೆ ಬರುವುದು 256! ಇದನ್ನು ತಪ್ಪಿಸಲು 'ಲ್ಯಾಚ್' ಎಂಬ ಆದೇಶವಿದೆ. ಅದು ಬಂದ ಕ್ಷಣದ ಎಣಿಕೆಯನ್ನು, ಎರಡೂ ತುಂಡು ಓದಿ ಮುಗಿಯುವವರೆಗೆ, ಕಾಪಾಡಿಕೊಳ್ಳಬೇಕು. ನಡುವೆ ಇನ್ನೊಂದು ಲ್ಯಾಚ್ ಬಂದರೆ ಕಿವಿಗೊಡಬಾರದು. ಇಷ್ಟನ್ನೂ ತಂತ್ರಾಂಶದಲ್ಲಿ ಬರೆಯುವವರ ತಾಳ್ಮೆ ದೊಡ್ಡದು.

ಇದೆಲ್ಲ ಸರಿಯಾದರೂ ಒಂದು ಪೇಚು ಉಳಿಯುತ್ತದೆ. ಸೆಕೆಂಡಿಗೆ 100 ಸಲ ಎಚ್ಚರಿಸುವಂತೆ ಒಳಗಿನ ಲಿನಕ್ಸ್ ಕೇಳಿಕೊಂಡಿದೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ಬೇರೆ ಕೆಲಸದಲ್ಲಿ ಮುಳುಗಿ ಅರ್ಧ ಸೆಕೆಂಡು ಅದರ ಸರದಿಯೇ ಬರಲಿಲ್ಲ. ಬಾಕಿಯಾದದ್ದು 50 ಎಚ್ಚರಿಕೆ. ಒಂದನ್ನೇ ಕೊಟ್ಟರೆ, ಎಚ್ಚರಿಕೆಗಳನ್ನೆಣಿಸಿ ಗಂಟೆ ಹೇಳುವ ಹಳೆಯ ಲಿನಕ್ಸಿನ ಗಡಿಯಾರ ಹಿಂದೆ ಬೀಳುತ್ತದೆ. ಐವತ್ತನ್ನೂ ಒಮ್ಮೆಲೇ ಸುರಿದರೆ ಗಡಿಯಾರ ಸರಿಹೋಗುತ್ತದೆ, ಆದರೆ ಒಳಗಿನ ಪ್ರೋಗ್ರಾಮಿಗೆ ಕಾಲ ಹಾರಿದಂತೆ ಕಾಣುತ್ತದೆ. 2007ರಲ್ಲಿ ಲಿನಕ್ಸಿಗೆ ಸೇರಿದ ಕೆವಿಎಂ ಹೈಪರ್‌ವೈಸರಿನಲ್ಲಿ ಬಾಕಿಯನ್ನು ಲೆಕ್ಕವಿಟ್ಟು ತೀರಿಸುವ ಏರ್ಪಾಡಿದೆ. 'ಕೆವಿಎಂ-ಕ್ಲಾಕ್' ಎಂಬ ಇನ್ನೊಂದು ದಾರಿಯೂ ಇದೆ. ತಾನು ಅತಿಥಿಯೆಂದು ಗೊತ್ತಿರುವ ಲಿನಕ್ಸ್ ಚಿಪ್ಪಿನ ನಾಟಕ ಬಿಟ್ಟು ಮನೆಯವರನ್ನೇ ಗಂಟೆ ಕೇಳುತ್ತದೆ.

ಪ್ರಯೋಗಾಲಯದ ಪಾಠಕ್ಕೂ ಇದಕ್ಕೂ ಸಂಬಂಧವಿದೆ. ಸಂಖ್ಯೆಗಳನ್ನು ಅನುಕ್ರಮದಲ್ಲಿ ಜೋಡಿಸುವ ಪ್ರೋಗ್ರಾಮಿಗೆ ಎಷ್ಟು ಸಮಯ ಹಿಡಿಯಿತೆಂದು ವರ್ಚುವಲ್ ಮೆಷಿನ್‌ನಲ್ಲಿ ಅಳೆದ ವಿದ್ಯಾರ್ಥಿಗೆ ಒಂದೊಂದು ಸಲ ಒಂದೊಂದು ಉತ್ತರ ಬರಬಹುದು. ತಪ್ಪು ಅವನ ಪ್ರೋಗ್ರಾಮಿನದ್ದೇ ಆಗಬೇಕೆಂದಿಲ್ಲ. ಹತ್ತಾರು ಸಲ ಓಡಿಸಿ ಎಲ್ಲ ಅಳತೆಗಳನ್ನೂ ರೆಕಾರ್ಡ್ ಪುಸ್ತಕದಲ್ಲಿ ಬರೆಯುವುದು, ಜೊತೆಗೆ ಯಾವ ಹೈಪರ್‌ವೈಸರ್ ಎಂಬುದನ್ನೂ ನಮೂದಿಸುವುದು ಒಳ್ಳೆಯದು. ನಡುವೆ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗಿದ್ದರೆ ಆ ಅಳತೆಯನ್ನು ಬಿಟ್ಟುಬಿಡಬೇಕು.