ರಿವರ್ಸ್ ಲೈಟ್: ಪರೀಕ್ಷೆಯ ದಿನ ಉರಿದರೆ ಸಾಕೇ?

ಠಾಣೆ: ಫಿಟ್‌ನೆಸ್ ಸರ್ಟಿಫಿಕೇಟ್ ನವೀಕರಣದ ದಿನ ಹತ್ತಿರ ಬಂದರೆ ಲಾರಿ, ಟೆಂಪೊ, ಸ್ಕೂಲ್ ಬಸ್ ಮಾಲೀಕರು ಮೊದಲು ನೋಡುವುದು ಟೈರು, ಬ್ರೇಕು, ಬಣ್ಣ. ರಿವರ್ಸ್ ಲೈಟ್ ನೆನಪಾಗುವುದು ಕೊನೆಗೆ. ಆಗ ಡ್ಯಾಶ್‌ಬೋರ್ಡ್ ಕೆಳಗೊಂದು ಸ್ವಿಚ್ ಹಾಕಿ, ಕೈಗೆ ಸಿಕ್ಕ ವೈರಿಗೆ ಜೋಡಿಸಿ ದೀಪ ಉರಿಸುವ ಅವಸರದ ರಿಪೇರಿ ನಡೆಯುತ್ತದೆ. ಇನ್ಸ್‌ಪೆಕ್ಟರ್ ಮುಂದೆ ದೀಪ ಉರಿಯುತ್ತದೆ. ಮರುದಿನ ಗಾಡಿ ಹಿಂದಕ್ಕೆ ತೆಗೆಯುವಾಗ ಆ ಸ್ವಿಚ್ ಒತ್ತಲು ಚಾಲಕನಿಗೆ ನೆನಪಿರುತ್ತದೆಯೇ?

ಭಿವಂಡಿ ಗೋದಾಮುಗಳು, ವಾಶಿಯ ಎಪಿಎಂಸಿ, ಕಳಂಬೋಲಿಯ ಉಕ್ಕಿನ ಮಾರುಕಟ್ಟೆ, ಡೊಂಬಿವಿಲಿ ಎಂಐಡಿಸಿ ಎಲ್ಲೆಡೆ ಲಾರಿಗಳು ಹಿಂದಕ್ಕೆ ಸರಿದೇ ಸರಕು ಇಳಿಸಬೇಕು. ಕಲ್ಯಾಣ, ಡೊಂಬಿವಿಲಿಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಸ್ಕೂಲ್ ಬಸ್ ತಿರುಗಿಸುವುದೂ ಹಾಗೆಯೇ. ಗಾಡಿ ಹಿಂದಕ್ಕೆ ಬರುತ್ತಿದೆ ಎಂದು ಹಮಾಲಿಗೆ, ಪಾದಚಾರಿಗೆ, ಮಗುವಿಗೆ ಮೊದಲು ತಿಳಿಸುವುದು ಆ ಬಿಳಿ ದೀಪ.

ನಿಯಮ ಏನು ಹೇಳುತ್ತದೆ?

ವಾಹನದ ಹಿಂಭಾಗದಲ್ಲಿ ಕೆಂಪು ಬಿಟ್ಟು ಬೇರೆ ಬಣ್ಣದ ಬೆಳಕು ಕಾಣಬಾರದು ಎನ್ನುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಹಿಂದಕ್ಕೆ ಚಲಿಸುವಾಗಿನ ಬಿಳಿ ಬೆಳಕೂ ಒಂದು. ಕೈಯಿಂದ ಹಾಕುವ ಸ್ವಿಚ್ ಆಫ್ ಮಾಡಲು ಮರೆತರೆ ರಾತ್ರಿ ಹೆದ್ದಾರಿಯಲ್ಲಿ ಹಿಂದೆ ಬರುವವರ ಕಣ್ಣಿಗೆ ಬಿಳಿ ಬೆಳಕು ಹೊಡೆಯುತ್ತದೆ, ಗಾಡಿ ಯಾವ ಕಡೆ ಹೋಗುತ್ತಿದೆ ಎಂಬ ಗೊಂದಲವೂ ಆಗುತ್ತದೆ.

ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆ ಆಗಬೇಕು. ಸರ್ಟಿಫಿಕೇಟ್ ಸಿಕ್ಕಿತೆಂದು ನಿಶ್ಚಿಂತರಾಗುವಂತಿಲ್ಲ. ವಾಹನ ನಿಯಮಕ್ಕೆ ತಕ್ಕಂತಿಲ್ಲ ಎಂದು ಕಂಡರೆ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಕಾರಣ ಬರೆದು ಅದನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು.

ದೀಪ ಕೆಡುವುದೇಕೆ?

ವ್ಯವಸ್ಥೆ ಸರಳ. ರಿವರ್ಸ್ ಗೇರ್ ಹಾಕಿದಾಗ ಗೇರ್‌ಬಾಕ್ಸ್‌ನಲ್ಲಿರುವ ಚಿಕ್ಕ ಸ್ವಿಚ್ ಒತ್ತಿಕೊಂಡು ಫ್ಯೂಸ್ ಮೂಲಕ ಬಂದ ಕರೆಂಟ್ ಬಲ್ಬಿಗೆ ಹೋಗುತ್ತದೆ. ಈ ಸ್ವಿಚ್ ಇರುವುದು ಗಾಡಿಯ ಅಡಿಯಲ್ಲಿ, ಕೆಸರು ನೀರು ಸಿಡಿಯುವ ಜಾಗದಲ್ಲಿ. ಕೊಂಕಣದ ಮಳೆಗೆ ಕನೆಕ್ಟರ್, ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿಯುತ್ತವೆ. ಬಾಡಿ ಕಟ್ಟುವಾಗ ತುಂಡರಿಸಿ ಟೇಪ್ ಸುತ್ತಿದ ವೈರು ಬೇಗ ಬಿಟ್ಟುಕೊಳ್ಳುತ್ತದೆ. ರಿವರ್ಸ್ ಹಾರ್ನ್, ಹೆಚ್ಚುವರಿ ದೀಪಗಳನ್ನೂ ಅದೇ ವೈರಿಗೆ ಸೇರಿಸಿದರೆ ಭಾರ ತಾಳದೆ ಸ್ವಿಚ್ ಸುಡುತ್ತದೆ.

ಸರಿಯಾದ ರಿಪೇರಿ ದೊಡ್ಡ ಖರ್ಚಿನದಲ್ಲ. ಫ್ಯೂಸ್, ಬಲ್ಬ್ ನೋಡಿದ ಮೇಲೆ ಗೇರ್‌ಬಾಕ್ಸ್ ಸ್ವಿಚ್ ಪರೀಕ್ಷಿಸಬೇಕು, ಕೆಟ್ಟಿದ್ದರೆ ಅದನ್ನೇ ಬದಲಿಸಬೇಕು. ಹೆಚ್ಚು ಲೋಡ್ ಇದ್ದರೆ ರಿಲೇ ಮತ್ತು ಪ್ರತ್ಯೇಕ ಫ್ಯೂಸ್ ಹಾಕಬೇಕು. ಅರ್ಥಿಂಗ್ ಬಣ್ಣ ಕೆರೆದ ಲೋಹಕ್ಕೆ ತಾಗಿರಬೇಕು. ಬಲ್ಬ್ ಗಾಡಿಗೆ ತಕ್ಕದ್ದಿರಲಿ: ಸಣ್ಣ ಟೆಂಪೊಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, ಭಾರಿ ಲಾರಿಗಳಲ್ಲಿ 24 ವೋಲ್ಟ್.

ಪರೀಕ್ಷೆಯೂ ಬದಲಾಗಲಿ

ಬಾಂಬೆ ಹೈಕೋರ್ಟ್ ಸೂಚನೆಯಿಂದಾಗಿ ಮಹಾರಾಷ್ಟ್ರದಲ್ಲಿ 250 ಮೀಟರ್ ಬ್ರೇಕ್ ಪರೀಕ್ಷಾ ಟ್ರ್ಯಾಕ್ ಕಡ್ಡಾಯವಾಯಿತು. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ಬಗ್ಗೆ ಕೇಂದ್ರ ಸರ್ಕಾರ ಭಾರಿ ವಾಹನಗಳಿಗೆ ಹಾಕಿದ್ದ 2023ರ ಏಪ್ರಿಲ್ 1ರ ಗಡುವು 2024ರ ಅಕ್ಟೋಬರ್ 1ಕ್ಕೆ ಮುಂದೆ ಹೋಗಿತ್ತು. ಅಲ್ಲಿ ಬ್ರೇಕ್, ಹೆಡ್‌ಲೈಟ್, ಹೊಗೆಯನ್ನು ಯಂತ್ರ ಅಳೆಯುತ್ತದೆ. ಹಿಂದಿನ ದೀಪಗಳದ್ದು ಹೆಚ್ಚಾಗಿ ಕಣ್ಣಳತೆಯ ಪರೀಕ್ಷೆ.

ಹಾಗಾಗಿ ಪರೀಕ್ಷಿಸುವವರು ದೀಪ ಉರಿಯುವುದನ್ನಷ್ಟೇ ನೋಡಿದರೆ ಸಾಲದು. ರಿವರ್ಸ್ ಗೇರ್ ಹಾಕಿಸಿ, ತೆಗೆಸಿ ನೋಡಲು ಅರ್ಧ ನಿಮಿಷ ಸಾಕು. ಪರೀಕ್ಷೆಯಲ್ಲಿ ಫೇಲಾದರೆ ಮಾಲೀಕನಿಗೆ ಒಂದು ದಿನದ ದುಡಿಮೆ ಹೋಗುತ್ತದೆ, ನಿಜ. ಅದನ್ನು ತಪ್ಪಿಸಲು ಕಳ್ಳ ಸ್ವಿಚ್ ಬೇಕಿಲ್ಲ, ಮಳೆಗಾಲ ಮುಗಿದ ಕೂಡಲೇ ಒಮ್ಮೆ ವೈರಿಂಗ್ ತೋರಿಸಿದರೆ ಆಯಿತು.