ಪೆಗ್ಗಿ ಅಜ್ಜಿಯ ನಿಜವಾದ ಹೆಸರು

ಈ ಸಲದ ಅಂಚೆಯಲ್ಲಿ ಮಲೆನಾಡಿನ ಕಡೆಯ ಸೋದರಿಯೊಬ್ಬರಿಂದ ನಾಲ್ಕು ಪುಟದ ಕಾಗದ ಬಂದಿದೆ. ಅಡಿಗೆಯ ಸಂದೇಹವಲ್ಲ, ಕೂದಲು ಉದುರುವ ತೊಂದರೆಯೂ ಅಲ್ಲ. ಒಂದು ಹೆಸರಿನ ವಿಷಯ. ಓದಿ ಮುಗಿಸಿದ ಮೇಲೆ ಉಳಿದ ಕಾಗದಗಳನ್ನೆಲ್ಲ ಪಕ್ಕಕ್ಕಿಟ್ಟೆ.

ಅವರ ಮಗಳು ಅಳಿಯ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿದ್ದಾರೆ. ಪಕ್ಕದ ಮನೆಯಲ್ಲಿ ಒಂಟಿ ಮುದುಕಿ, ಬೀದಿಗೆಲ್ಲ ಪೆಗ್ಗಿ. ಮಗಳ ಚೊಚ್ಚಲ ಹೆರಿಗೆಯ ಹೊತ್ತಿಗೆ ಇವರು ಮೊಣಕಾಲು ನೋವಿನಿಂದ ಮಲಗಿದ್ದರು, ಹೋಗಲಾಗಲಿಲ್ಲ. ಆಸ್ಪತ್ರೆಗೆ ಜೊತೆಯಲ್ಲಿ ಹೋದದ್ದು ಪೆಗ್ಗಿ. ಮನೆಗೆ ಬಂದ ಮೇಲೆ ದಿನಾ ಬಿಸಿ ಸೂಪು ತಂದುಕೊಟ್ಟು, ಮಗುವನ್ನು ಎತ್ತಿಕೊಂಡು, “ನೀನು ಮಲಗು” ಎಂದವರೂ ಪೆಗ್ಗಿಯೇ. “ನಾನು ಮಾಡಬೇಕಾಗಿದ್ದ ಬಾಣಂತನ ಆಕೆ ಮಾಡಿದರು” ಎಂದು ಈ ತಾಯಿ ಬರೆದಿದ್ದಾರೆ.

ಹೋದ ಚಳಿಗಾಲದಲ್ಲಿ ಪೆಗ್ಗಿ ತೀರಿಕೊಂಡರು. ಮಗಳು ಹೂವು ಹಿಡಿದು ಚರ್ಚಿಗೆ ಹೋದರೆ, ಬಾಗಿಲಲ್ಲಿ ಕೊಟ್ಟ ಅಚ್ಚಿನ ಹಾಳೆಯ ಮೇಲೆ ಮಾರ್ಗರೇಟ್ ಎಂದಿದೆ. ಕೆಳಗೆ ಎಳೇ ಹುಡುಗಿಯೊಬ್ಬಳ ಹಳೆಯ ಫೋಟೋ. ಇದು ಯಾರದೋ ಬೇರೆಯವರದು, ನಾನೇ ಹೊತ್ತು ತಪ್ಪಿ ಬಂದೆ ಅಂದುಕೊಂಡು ಹುಡುಗಿ ಹಾಗೇ ಮನೆಗೆ ತಿರುಗಿಬಿಟ್ಟಳಂತೆ. ಸಂಜೆ ನಿಜ ತಿಳಿಯಿತು. “ಕೊನೆಯ ಹೊತ್ತಿಗೆ ನಾನಿರಲಿಲ್ಲ ಅಂತ ಇವತ್ತಿಗೂ ಫೋನಿನಲ್ಲಿ ಅಳುತ್ತಾಳೆ. ಇಷ್ಟು ವರ್ಷ ಆಕೆ ನಮ್ಮಿಂದ ಹೆಸರು ಮುಚ್ಚಿಟ್ಟಿದ್ದರೇ? ಪೆಗ್ಗಿ ಎಲ್ಲಿ, ಮಾರ್ಗರೇಟ್ ಎಲ್ಲಿ?” ಎಂದು ಕೇಳಿದ್ದಾರೆ.

ಮುಚ್ಚಿಟ್ಟಿರಲಿಲ್ಲ ತಾಯಿ. ಅಲ್ಲಿ ಹುಟ್ಟಿ ಬೆಳೆದವರಿಗೆ ಪೆಗ್ಗಿ ಅಂದರೆ ಮಾರ್ಗರೇಟ್ ಎಂದು ಹೇಳಿಕೊಡಬೇಕಾಗಿಯೇ ಇಲ್ಲ. ಸರಸು ಅಂದರೆ ಸರಸ್ವತಿ ಎಂದು ನಾವು ಯಾರಿಗಾದರೂ ಬಿಡಿಸಿ ಹೇಳುತ್ತೇವೆಯೇ?

ಆದರೂ ಅವರ ರೀತಿ ನಮ್ಮದಕ್ಕಿಂತ ವಿಚಿತ್ರ, ಒಪ್ಪುತ್ತೇನೆ. ನಾವು ಹೆಸರಿನ ತಲೆ ಉಳಿಸಿಕೊಂಡು ಬಾಲ ಕತ್ತರಿಸುತ್ತೇವೆ. ರುಕ್ಮಿಣಿ ರುಕ್ಕು ಆಗುತ್ತಾಳೆ, ಪಾರ್ವತಿ ಪಾರು ಆಗುತ್ತಾಳೆ. ಅವರು ಮೊದಲು ಬಾಲ ಕತ್ತರಿಸಿ, ಆಮೇಲೆ ತಲೆಯನ್ನೂ ಬದಲಾಯಿಸುತ್ತಾರೆ! ಮಾರ್ಗರೇಟ್ ಮೊದಲು ಮೆಗ್ ಆದಳು. ಮೆಗ್‌ಗೆ ಪ್ರಾಸ ಹಾಕಿ ಪೆಗ್ ಎಂದರು. ಮುದ್ದಿಗೆ ಇನ್ನೊಂದು ಇಕಾರ ಸೇರಿ ಪೆಗ್ಗಿ. ಮೇರಿ ಇದೇ ದಾರಿಯಲ್ಲಿ ಮಾಲಿಯಾಗಿ (ತೋಟದ ಮಾಲಿಯಲ್ಲ ಮತ್ತೆ) ಆಮೇಲೆ ಪಾಲಿ ಆದಳು. ಗಂಡಸರೂ ತಪ್ಪಿಸಿಕೊಂಡಿಲ್ಲ. ವಿಲಿಯಮ್ ವಿಲ್ ಆಗಿ ಬಿಲ್ ಆದ. ರಿಚರ್ಡ್ ರಿಕ್ ಆಗಿ ಡಿಕ್ ಆದ. ರಾಬರ್ಟ್‌ಗಂತೂ ರಾಬ್, ಹಾಬ್, ಡಾಬ್, ಬಾಬ್ ಎಂದು ಒಂದು ಸಾಲೇ ಇದೆ. ನಮ್ಮ ಬಾಯಲ್ಲಿ ಕಾಫಿ ಗೀಫಿ, ಊಟ ಗೀಟ ಹೊರಡುವ ಹಾಗೆ ಅವರ ಬಾಯಲ್ಲಿ ಮೆಗ್ ಪೆಗ್.

ಇದಕ್ಕೊಂದು ಕಾರಣವೂ ಉಂಟು. ೧೦೬೬ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ ದೊರೆ ಇಂಗ್ಲೆಂಡನ್ನು ಗೆದ್ದ. ಅದಾದ ಒಂದೆರಡು ಶತಮಾನದಲ್ಲಿ ಜನ ತಮ್ಮ ಹಳೆಯ ಹೆಸರುಗಳಲ್ಲಿ ಹೆಚ್ಚಿನವನ್ನು ಬಿಟ್ಟು ದೊರೆಗಳ ಹೆಸರನ್ನೂ ಸಂತರ ಹೆಸರನ್ನೂ ಇಡತೊಡಗಿದರು. ಎಲ್ಲರಿಗೂ ಅವೇ ಕೆಲವು ಹೆಸರು. ಒಂದೇ ಹಳ್ಳಿಯಲ್ಲಿ ಆರು ಮಂದಿ ಮಾರ್ಗರೇಟ್ ಇದ್ದರೆ ಬಾವಿಕಟ್ಟೆಯಲ್ಲಿ ಕೂಗುವುದು ಹೇಗೆ? ಒಬ್ಬಳು ಮ್ಯಾಗಿ, ಒಬ್ಬಳು ಮ್ಯಾಜ್, ಒಬ್ಬಳು ಮೆಗ್, ಮತ್ತೊಬ್ಬಳು ಪೆಗ್. ಇನ್ನು ಕೆಲವು ಹೆಸರು ಕಿವಿ ತಪ್ಪಿನಿಂದ ಹುಟ್ಟಿದವು. ಆಗಿನ ಇಂಗ್ಲಿಷಿನಲ್ಲಿ ‘ನನ್ನ’ ಅನ್ನುವುದಕ್ಕೆ ‘ಮೈನ್’ ಎನ್ನುತ್ತಿದ್ದರು. ‘ಮೈನ್ ಎಲೆನ್’ ಎಂದು ಕರೆದೂ ಕರೆದೂ ಹಿಂದಿನ ನಕಾರ ಮುಂದಕ್ಕೆ ಅಂಟಿಕೊಂಡು ಎಲೆನ್ ‘ನೆಲ್’ ಆದಳು. ಆನ್ ಹೀಗೇ ‘ನ್ಯಾನ್’ ಆದಳು.

ಅಲ್ಲಿನ ಮಕ್ಕಳ ಹಳೆಯ ಒಗಟು ಪದ್ಯವೊಂದಿದೆ. ಎಲಿಜಬೆತ್, ಎಲ್ಸ್‌ಪೆತ್, ಬೆಟ್ಸಿ, ಬೆಸ್ ಹಕ್ಕಿಗೂಡು ಹುಡುಕಿಕೊಂಡು ಹೋದರು. ಗೂಡಿನಲ್ಲಿ ಐದು ಮೊಟ್ಟೆ. ಎಲ್ಲರೂ ಒಂದೊಂದು ತೆಗೆದುಕೊಂಡರು, ಉಳಿದದ್ದು ನಾಲ್ಕು. ಹೇಗೆ? ನಾಲ್ಕು ಹೆಸರೂ ಒಬ್ಬಳದೇ! ನಿಮ್ಮ ಮಗಳು ಚರ್ಚಿನ ಬಾಗಿಲಲ್ಲಿ ಸಿಕ್ಕಿಕೊಂಡದ್ದು ಇದೇ ಒಗಟಿನಲ್ಲಿ. ಪಾಪ, ಅದರಲ್ಲಿ ಅವಳ ತಪ್ಪೇನಿದೆ?

ಇನ್ನು ಅರ್ಥಕ್ಕೆ ಬರೋಣ. ಮಾರ್ಗರೇಟ್ ಇಂಗ್ಲೆಂಡಿನಲ್ಲಿ ಹಳೆಯ ಹೆಸರಾದರೂ ಹುಟ್ಟಿದ್ದು ಗ್ರೀಕಿನಲ್ಲಿ. ‘ಮಾರ್ಗರಿಟೀಸ್’ ಎಂದರೆ ಮುತ್ತು. ಬೇಕರಿಯವರು ಬೆಣ್ಣೆಯ ಬದಲು ಹಾಕುವ ಮಾರ್ಜರೀನ್ ಇದೆಯಲ್ಲ, ಅದೂ ಇದೇ ಮುತ್ತಿನ ಮನೆತನದ್ದು! ಫ್ರೆಂಚ್ ವಿಜ್ಞಾನಿ ಷೆವ್ರೊಲ್ ಕೊಬ್ಬಿನಿಂದ ತೆಗೆದ ಒಂದು ಆಮ್ಲ ಮುತ್ತಿನ ಹಾಗೆ ಹೊಳೆಯುತ್ತಿತ್ತೆಂದು ಅದಕ್ಕೆ ಮಾರ್ಗರಿಕ್ ಎಂದು ಹೆಸರಿಟ್ಟ. ೧೮೬೯ರಲ್ಲಿ ಫ್ರಾನ್ಸಿನಲ್ಲೇ ಈ ಕೃತಕ ಬೆಣ್ಣೆ ತಯಾರಾದಾಗ ಆ ಹೆಸರೇ ಅಂಟಿತು. ನಮ್ಮಲ್ಲಿ ಕೇಳಿಬರುವ ರೀಟಾ ಕೂಡ ಇಟಲಿಯ ಮಾರ್ಗರಿಟಾದ ಬಾಲ. ಫ್ರೆಂಚಿನಲ್ಲಿ ‘ಮಾರ್ಗರೀಟ್’ ಅಂದರೆ ಒಂದು ಬಿಳಿಯ ಹೂವೂ ಹೌದು. ಇಂಗ್ಲಿಷಿನವರು ಅಂಥ ಹೂವಿಗೆ ಡೈಸಿ ಎನ್ನುತ್ತಾರೆ. ಹೀಗಾಗಿ ಎಷ್ಟೋ ಮಾರ್ಗರೇಟರು ಮನೆಯಲ್ಲಿ ಡೈಸಿ.

ಆದರೆ ಹೆಸರು ಮನೆಮನೆಗೆ ಹಬ್ಬಿದ್ದು ಮುತ್ತಿನ ಆಸೆಯಿಂದ ಮಾತ್ರವಲ್ಲ, ಹೆರಿಗೆಯ ಹೆದರಿಕೆಯಿಂದಲೂ ಅನ್ನಿಸುತ್ತದೆ. ಅಂತಿಯೋಕದ ಸಂತ ಮಾರ್ಗರೇಟಳ ಕಥೆ ಹೀಗಿದೆ: ಸೆರೆಯಲ್ಲಿದ್ದ ಆಕೆಯನ್ನು ಘಟಸರ್ಪವೊಂದು ನುಂಗಿತು. ಕೈಯಲ್ಲಿದ್ದ ಶಿಲುಬೆಯ ಮಹಿಮೆಯಿಂದ ಅದರ ಹೊಟ್ಟೆ ಬಿರಿದು ಆಕೆ ಒಂದು ಗಾಯವೂ ಇಲ್ಲದೆ ಹೊರಬಂದಳು. ಇದು ನಡೆದದ್ದೋ ಇಲ್ಲವೋ, ರೋಮಿನ ಚರ್ಚೇ ೧೯೬೯ರಲ್ಲಿ ತನ್ನ ಸಾಮಾನ್ಯ ಪಂಚಾಂಗದಿಂದ ಆಕೆಯ ಹಬ್ಬವನ್ನು ಕೈಬಿಟ್ಟಿತು. ಆದರೆ ಬಸುರಿಯರಿಗೆ ಬೇಕಾಗಿದ್ದದ್ದು ಇತಿಹಾಸವಲ್ಲ. ಹೊಟ್ಟೆಯಿಂದ ಕ್ಷೇಮವಾಗಿ ಹೊರಬಂದವಳು ತಮ್ಮ ಮಗುವನ್ನೂ ಹೊರತರುತ್ತಾಳೆ ಎಂದು ನಂಬಿದರು. ನೋವು ತಿನ್ನುತ್ತಿರುವವಳ ಪಕ್ಕದಲ್ಲಿ ಆಕೆಯ ಚರಿತ್ರೆ ಓದುತ್ತಿದ್ದರು. ಆ ಪುಸ್ತಕವನ್ನೇ ಮೈಮೇಲೆ ಇಡುವುದೂ ಇತ್ತು. ಡಾಕ್ಟರಿಲ್ಲದ ಕಾಲದಲ್ಲಿ ನಮ್ಮ ಅಜ್ಜಿಯರು ಹರಕೆ ಕಟ್ಟಿಕೊಂಡದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ, ಹೇಳಿ.

ಅಂಥ ಹೆಸರನ್ನೂ ಜನ ಹಗುರ ಮಾಡದೆ ಬಿಟ್ಟಿಲ್ಲ. ಕಪ್ಪು ಬಿಳುಪಿನ ಒಂದು ಗದ್ದಲದ ಹಕ್ಕಿಗೆ ಅಲ್ಲಿ ಹಿಂದೆ ‘ಪೈ’ ಎಂದಷ್ಟೇ ಹೆಸರಿತ್ತು. ಹೆಂಗಸಿನ ಹಾಗೆ ಹರಟುತ್ತದೆ ಎಂದು ಅದಕ್ಕೆ ಮಾರ್ಗರೇಟಳ ‘ಮ್ಯಾಗ್’ ಸೇರಿಸಿ ‘ಮ್ಯಾಗ್‌ಪೈ’ ಮಾಡಿದರು. ಹರಟುವ ಗಂಡಸರು ಆ ಊರಲ್ಲಿ ಇರಲೇ ಇಲ್ಲವೇನೋ! ಇದಕ್ಕಿಂತ ನನಗೆ ಇಷ್ಟವಾದದ್ದು ಅಲ್ಲಿನ ಕೆಲವು ಮನೆತನದ ಹೆಸರುಗಳು. ಮೆಗ್‌ಸನ್ ಎಂದರೆ ಮೆಗ್ಗಳ ಮಗ. ಟಿಲ್ಲಟ್‌ಸನ್ ಎಂದರೆ ಮಟಿಲ್ಡಾಳ ಮಗ. ಗಂಡ ಸತ್ತು ಒಂಟಿಯಾಗಿ ಸಾಕಿದಳೋ, ಗಂಡನಿಗಿಂತ ಗಟ್ಟಿಗಿತ್ತಿಯಾಗಿದ್ದಳೋ, ಅಂತೂ ತಾಯಿಯ ಮುದ್ದಿನ ಹೆಸರೇ ತಲೆತಲಾಂತರಕ್ಕೂ ನಿಂತಿತು.

ಈಗ ನಿಮ್ಮ ಕಾಗದದ ಕೊನೆಯ ಪುಟ. ಮಗಳಿಗೆ ಈಗ ಮತ್ತೆ ಏಳು ತಿಂಗಳು. ಹೆಣ್ಣಾದರೆ ಆ ಅಜ್ಜಿಯ ಹೆಸರೇ ಇಡಬೇಕು ಎನ್ನುತ್ತಾಳೆ. ಬೀಗಿತ್ತಿಯವರು “ನಮ್ಮ ಮನೆಯಲ್ಲಿ ಮಾರ್ಗರೇಟೇ?” ಎಂದು ಊಟ ಬಿಟ್ಟು ಕೂತಿದ್ದಾರೆ. ನೀವು ಇಬ್ಬರ ಮಧ್ಯೆ.

ಅವರಿಗೆ ನೀವು ಹೇಳಬಹುದು, ಈ ಹೆಸರು ನಮಗೆ ಅಷ್ಟೇನೂ ಪರಕೀಯವಲ್ಲ. ೧೮೯೮ರಲ್ಲಿ ಕಲ್ಕತ್ತೆಗೆ ಬಂದು ಹೆಣ್ಣುಮಕ್ಕಳ ಶಾಲೆ ತೆರೆದ ಸೋದರಿ ನಿವೇದಿತಾ ಹುಟ್ಟಿದ್ದು ಮಾರ್ಗರೇಟ್ ನೋಬಲ್ ಆಗಿ. ೧೯೨೭ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಲು ಓಡಾಡಿದವರು ಐರ್ಲೆಂಡಿನ ಮಾರ್ಗರೇಟ್ ಕಸಿನ್ಸ್. ಅದಕ್ಕೆ ಒಂದು ವರ್ಷ ಮೊದಲು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಚುನಾವಣೆಗೆ ನಿಲ್ಲುವಂತೆ ಹುರಿದುಂಬಿಸಿದವರೂ ಅವರೇ. ಆದರೆ ಊಟ ಬಿಟ್ಟು ಕೂತವರು ಇತಿಹಾಸ ಕೇಳುವುದು ಅನುಮಾನ.

ಅದರ ಬದಲು ಮುಕ್ತಾ ಎಂದಿಡಿ. ಮುತ್ತು ಎಂದೇ ಅರ್ಥ, ಮಾರ್ಗರೇಟ್ ಎಂದರೂ ಅದೇ. ಮೌಕ್ತಿಕಾ ಎಂದರೂ ಸರಿ. ನಿಮ್ಮ ಬೀಗಿತ್ತಿಯವರ ತವರಿನಲ್ಲೇ ಒಬ್ಬ ಮುತ್ತಮ್ಮ ಇದ್ದಿರಬಹುದು, ಸುಮ್ಮನೆ ವಿಚಾರಿಸಿ ನೋಡಿ. ನಾಮಕರಣದ ದಿನ ಭಟ್ಟರು ಅಕ್ಕಿಯಲ್ಲಿ ಮುಕ್ತಾ ಎಂದು ಬರೆಸಲಿ. ತೊಟ್ಟಿಲು ತೂಗುವಾಗ ಮಗಳು ಪೆಗ್ಗಿ ಎಂದು ಕರೆದುಕೊಳ್ಳಲಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಮತ್ತೆ ಆ ಹೂವಿನ ವಿಷಯ. ಸಮಾಧಿಯಿದ್ದರೆ ಅದು ಅಲ್ಲೇ ಇರುತ್ತದೆ, ಮಗಳಿಗೆ ಒಮ್ಮೆ ಹೋಗಿಬರಲು ಹೇಳಿ. ಬಸುರಿ ಅಂಥ ಕಡೆ ಹೋಗಬಾರದು ಎಂದು ನಿಮಗನ್ನಿಸಿದರೆ ಹೆರಿಗೆಯಾದ ಮೇಲೆ ಮಗುವನ್ನೆತ್ತಿಕೊಂಡು ಹೋಗಲಿ. ಡೈಸಿ ಹೂವು ಅಲ್ಲಿ ಹುಲ್ಲಿನ ನಡುವೆ ತಾನಾಗಿ ಬೆಳೆಯುತ್ತದೆ, ಕೊಳ್ಳಬೇಕಾಗಿಲ್ಲ. ಮಗು ಹುಟ್ಟಿದ ಸುದ್ದಿಯನ್ನು ನನಗೂ ಒಂದು ಕಾರ್ಡು ಬರೆದು ತಿಳಿಸಿ.